ಲಿಂಕ್ ಕೇಳಬೇಡಿ, ಕೀಲಿಕೈ ಕೊಡುತ್ತೇವೆ

ನಮ್ಮ ನಾಲ್ವರ ಹತ್ತಿರ ಒಂದು ಪಟ್ಟಿ ಇದೆ. ಕಿರುಸಾಲದ ಕಂತು ಕಟ್ಟಲಾಗದೆ ಮನೆಗೆ ಬೀಗ ಜಡಿದು ಊರು ಬಿಟ್ಟವರು, ವಸೂಲಿಗೆ ಬಂದವರು ಕಟ್ಟೆಯ ಮೇಲೆ ಕೂತು ಓಣಿಗೆಲ್ಲ ಕೇಳುವಂತೆ ಆಡಿದ ಮಾತನ್ನು ನುಂಗಿಕೊಂಡವರು, ಒಂದು ಸಂಘದ ಸಾಲ ತೀರಿಸಲು ಇನ್ನೊಂದು ಸಂಘದಲ್ಲಿ ಸಾಲ ಎತ್ತಿದವರು ಅದರಲ್ಲಿದ್ದಾರೆ. ಹೆಚ್ಚಿನವರು ಹೆಂಗಸರು. ಹೆಸರು, ಊರು, ಫೋನ್ ನಂಬರು, ಎಷ್ಟು ಕಡೆ ಸಾಲ, ವಾರಕ್ಕೆ ಎಷ್ಟು ಕಂತು, ಯಾರು ಬಂದು ಏನಂದರು, ಎಲ್ಲವೂ ಇದೆ.

ರಾಜ್ಯದಲ್ಲಿ 2025ರ ಫೆಬ್ರವರಿಯಲ್ಲಿ ಕಿರುಸಾಲ ವಸೂಲಿಯ ಕಿರುಕುಳ ತಡೆಯಲು ಸುಗ್ರೀವಾಜ್ಞೆ ಬಂತು. ಅದಕ್ಕೂ ಮುಂಚೆ ಒಂದೆರಡು ತಿಂಗಳು ಎಲ್ಲ ಪತ್ರಿಕೆಗಳಲ್ಲೂ ಅದೇ ಸುದ್ದಿ. ಆಮೇಲೆ ಸುದ್ದಿ ತಣ್ಣಗಾಯಿತು. ಕಾನೂನು ಬಂದ ಮೇಲೆ ಹಳ್ಳಿಯೊಳಗೆ ನಿಜಕ್ಕೂ ಏನು ಬದಲಾಯಿತು ಎಂದು ನೋಡಿಕೊಂಡು ಬರೆಯೋಣ ಎಂದು ಹೊರಟವರು ನಾವು. ಡಿಪ್ಲೊಮಾದಲ್ಲಿ ಒಂದೇ ಬೆಂಚಿನಲ್ಲಿ ಕೂತವರು, ಈಗ ಒಂದೇ ಜಿಲ್ಲೆಯ ನಾಲ್ಕು ತಾಲೂಕುಗಳಲ್ಲಿ ಬೇರೆ ಬೇರೆ ಪತ್ರಿಕೆಗಳಿಗೆ ಸ್ಟ್ರಿಂಗರ್‌ಗಳು. ಹಗಲು ಸಭೆ, ಸಮಾರಂಭ, ಅಪಘಾತ. ಸಂಜೆ ಮೇಲೆ ಈ ಕೆಲಸ.

ಮಾತಾಡಿದವರಲ್ಲಿ ಬಹುತೇಕರು ಒಂದು ಷರತ್ತಿನ ಮೇಲೆ ಮಾತಾಡಿದರು. ಒಬ್ಬ ತಾಯಿ ಹೇಳಿದ್ದು ನಮ್ಮ ನೋಟ್‌ಬುಕ್ಕಿನಲ್ಲಿ ಹಾಗೇ ಇದೆ: "ನಿಮ್ಮ ವಹಿಯಾಗ ನನ್ನ ಹೆಸರು ಇರ್ಲಿ ಬಿಡ್ರಿ, ಊರ ಬಾಯಾಗ ಬ್ಯಾಡ." ಗಂಡನಿಗೇ ಗೊತ್ತಿಲ್ಲದ ಸಾಲ ಆಕೆಯದು. ಈ ಬರಹ ಓದುವಾಗ ಆ ಮಾತನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿ. ಇಲ್ಲವಾದರೆ ಮುಂದೆ ಬರುವ ಪೋರ್ಟು, ಸುರಂಗ, ಕೀಲಿಕೈಗಳೆಲ್ಲ ಇಂಜಿನಿಯರ್ ಹುಡುಗರ ಆಟದಂತೆ ಕಂಡೀತು.

ನಾಲ್ಕು ನೋಟ್‌ಬುಕ್ಕುಗಳನ್ನು ಒಂದು ಮಾಡದೆ ಲೆಕ್ಕ ಸಿಗುವುದಿಲ್ಲ. ಒಬ್ಬಳೇ ಹೆಂಗಸು ಎರಡು ತಾಲೂಕಿನ ಸಂಘಗಳಲ್ಲಿ ಸಾಲ ಮಾಡಿದ್ದರೆ ಇಬ್ಬರ ವಹಿಯಲ್ಲೂ ಇರುತ್ತಾಳೆ. ಗೂಗಲ್ ಶೀಟ್‌ನಲ್ಲಿ ಹಾಕೋಣ ಎಂಬ ಮಾತು ಬಂತು. ಶೀಟು ಯಾರ್ಯಾರದೋ ಫೋನಿನಲ್ಲಿ ಸದಾ ತೆರೆದೇ ಇರುತ್ತದೆ, ಬೇಡ ಅಂದೆವು. ನಮ್ಮಲ್ಲೊಬ್ಬ ಲಾಕ್‌ಡೌನ್ ದಿನಗಳಲ್ಲಿ ಯೂಟ್ಯೂಬ್ ನೋಡಿ ಪೈಥಾನ್ ಕಲಿತಿದ್ದ. ಜ್ಯಾಂಗೊ ಬಳಸಿ ಒಂದು ಸಣ್ಣ ತಾಣ ಕಟ್ಟಲು ಕೂತ. ಹೆಸರು ಹಾಕುವ ಫಾರ್ಮು, ಊರುವಾರು ಎಣಿಕೆ, ಹೆಸರು ಮುಚ್ಚಿ ಅಂಕಿ ಮಾತ್ರ ತೋರಿಸುವ ಒಂದು ಪುಟ. ಉಬುಂಟು ಹಾಕಿದ ಹಳೆಯ ಲ್ಯಾಪ್‌ಟಾಪು, ಅವನ ಮನೆಯ ನಡುಮನೆ.

ತಾಣ ಕಟ್ಟುವಾಗ ಅದು ಮೊದಲು ಓಡುವುದು ಕಟ್ಟುವವನ ಯಂತ್ರದ ಒಳಗೇ. 127.0.0.1 ಎಂಬ ವಿಳಾಸ, 8000 ಎಂಬ ಪೋರ್ಟು. ಲೋಕಲ್‌ಹೋಸ್ಟ್ ಅಂತಾರೆ. ಆ ವಿಳಾಸಕ್ಕೆ ಅರ್ಥ "ನಾನೇ" ಎಂದು. ಯಾವ ಯಂತ್ರದಲ್ಲಿ ಕೂತು ಹೊಡೆದರೂ ಅದು ಆ ಯಂತ್ರವನ್ನೇ ತೋರಿಸುತ್ತದೆ. ಪಕ್ಕದ ಮನೆಯ ಫೋನಿಗೂ ಕಾಣುವುದಿಲ್ಲ. ನಮ್ಮ ಪಟ್ಟಿಗೆ ಅದೇ ಮೊದಲ ಗೋಡೆ, ಗಟ್ಟಿ ಗೋಡೆ. ತೊಂದರೆ ಏನೆಂದರೆ ಉಳಿದ ಮೂವರು ಗೋಡೆಯ ಆಚೆ ಇದ್ದೆವು. ದೂರದವರಿಗೆ 60 ಕಿಲೋಮೀಟರ್ ದಾರಿ, ಎರಡು ಬಸ್ಸು ಬದಲಾಯಿಸಬೇಕು. ವಾರಕ್ಕೊಮ್ಮೆ ನೋಟ್‌ಬುಕ್ ಹಿಡಿದು ಅವನ ಮನೆಗೆ ಹೋಗಿ ಕೂತರೆ ಆ ದಿನದ ಸುದ್ದಿ ಹೋಯಿತು. ಕಾಲಂ ಸೆಂಟಿಮೀಟರ್ ಲೆಕ್ಕದಲ್ಲಿ ದುಡ್ಡು ಎಣಿಸುವವರಿಗೆ ಒಂದು ದಿನ ಅಂದರೆ ಒಂದು ದಿನವೇ.

ಹೊರಗಿನಿಂದ ಅವನ ಲ್ಯಾಪ್‌ಟಾಪಿಗೆ ನೇರ ಬರಲಿಕ್ಕಂತೂ ಆಗದು. ನಮ್ಮಲ್ಲಿ ಹೆಚ್ಚಿನ ಮೊಬೈಲ್ ಡೇಟಾ ಗ್ರಾಹಕರಿಗೆ ಕಂಪನಿ ಸ್ವಂತ ಐಪಿ ವಿಳಾಸ ಕೊಡುವುದಿಲ್ಲ. ಸಾವಿರಾರು ಜನರನ್ನು ಒಂದೇ ವಿಳಾಸದ ಹಿಂದೆ ಕೂರಿಸುತ್ತಾರೆ. ಇದಕ್ಕಾಗಿಯೇ 2012ರಲ್ಲಿ 100.64 ಎಂದು ಶುರುವಾಗುವ ವಿಳಾಸಗಳ ಒಂದು ಗುಂಪನ್ನು ಜಗತ್ತಿನಾದ್ಯಂತ ಎತ್ತಿಟ್ಟರು. ದೊಡ್ಡ ವಠಾರ, ಬೀದಿಗೆ ಒಂದೇ ಬಾಗಿಲು ಅಂದುಕೊಳ್ಳಿ. ಒಳಗಿನವರು ಹೊರಗೆ ಹೋಗಬಹುದು. ಹೊರಗಿನವ ಬಂದು "ಮೂರನೇ ಕೋಣೆಯವರನ್ನು ಕರೀರಿ" ಅಂದರೆ ಬಾಗಿಲಲ್ಲಿ ಹೇಳುವವರಿಲ್ಲ.

ಹಾಗಾದರೆ ಒಳಗಿನವನೇ ಮೊದಲು ಹೊರಗೆ ಬಂದು ಗೊತ್ತಿರುವ ಒಂದು ಜಾಗಕ್ಕೆ ಕರೆ ಮಾಡಬೇಕು, ಮಾಡಿ ಫೋನು ಇಡದೆ ಹಿಡಿದುಕೊಂಡೇ ಇರಬೇಕು. ಉಳಿದವರು ಆ ಜಾಗಕ್ಕೆ ಬಂದು, ಹಿಡಿದಿಟ್ಟ ಆ ಲೈನಿನೊಳಗೇ ಹೊಕ್ಕು ಹೋಗಬೇಕು. ಸುರಂಗ ಅಂದರೆ ಇಷ್ಟೇ.

ಇದನ್ನು ಎರಡು ನಿಮಿಷದಲ್ಲಿ ಮಾಡಿಕೊಡುವ ಸೇವೆಗಳು ಬೇಕಾದಷ್ಟಿವೆ. ಎನ್‌ಗ್ರಾಕ್ ಹೆಸರು ಕೇಳಿರುತ್ತೀರಿ, ಕ್ಲೌಡ್‌ಫ್ಲೇರ್‌ನದೂ ಒಂದಿದೆ. ಒಂದು ಸಾಲು ಆದೇಶ ಹೊಡೆದರೆ ಉದ್ದನೆಯ ಒಂದು ಲಿಂಕ್ ಬರುತ್ತದೆ. ಅದನ್ನು ವಾಟ್ಸಾಪಿನಲ್ಲಿ ಹಾಕಿದರೆ ಮುಗಿಯಿತು, ಲ್ಯಾಪ್‌ಟಾಪಿನೊಳಗಿನ ತಾಣ ಊರಿಗೆಲ್ಲ ಕಾಣುತ್ತದೆ. ಊರಿಗೆಲ್ಲ ಅನ್ನುವುದೇ ನಮ್ಮ ತಕರಾರು. ಲಿಂಕಿನ ಅಕ್ಷರ ಎಷ್ಟು ಗೋಜಲಾಗಿದ್ದರೂ ಅದು ಬೀಗ ಅಲ್ಲ. ಒಂದು ಗುಂಪಿನಿಂದ ಇನ್ನೊಂದಕ್ಕೆ ಫಾರ್ವರ್ಡ್ ಆಗಲು ಎಷ್ಟು ಹೊತ್ತು? ನಮ್ಮ ತಾಲೂಕಿನ ಪತ್ರಕರ್ತರ ವಾಟ್ಸಾಪ್ ಗುಂಪಿನಲ್ಲಿ ಪತ್ರಕರ್ತರಷ್ಟೇ ಇದ್ದಾರೆ ಎಂದು ಯಾರಾದರೂ ಆಣೆ ಮಾಡಿ ಹೇಳಲಿ ನೋಡೋಣ.

ಆ ಸೇವೆಗಳನ್ನು ಬೈಯಲು ಈ ಮಾತು ಹೇಳುತ್ತಿಲ್ಲ. ಅವುಗಳಲ್ಲೂ ಪಾಸ್‌ವರ್ಡು ಇಡಬಹುದು, ಇಂಥ ಇಮೇಲಿನವರಿಗೆ ಮಾತ್ರ ಎಂದು ತಡೆ ಹಾಕಬಹುದು. ಪರಿಚಯದ ಶಾಲೆಯೊಂದರ ಹಳೆ ವಿದ್ಯಾರ್ಥಿಗಳ ತಾಣವನ್ನು ತೋರಿಸಲು ನಾವೇ ಅಂಥ ಲಿಂಕ್ ಬಳಸಿದ್ದೇವೆ. ಅದರಲ್ಲಿ ಮುಚ್ಚಿಡುವಂಥದ್ದು ಏನಿರಲಿಲ್ಲ. ಇಲ್ಲಿ ಇದೆ.

ಇನ್ನೊಂದು ಕಾರಣ ಸ್ವಲ್ಪ ಒಳಗಿನದು. ಕಟ್ಟುತ್ತಿರುವ ತಾಣ ಅಂದರೆ ಗಿಲಾಯಿ ಆಗದ ಮನೆ. ಡಿಬಗ್ ಎಂಬ ಗುಂಡಿ ಒತ್ತಿಯೇ ಇರುತ್ತದೆ; ಎಲ್ಲಾದರೂ ತಪ್ಪಿದರೆ ಪುಟದ ಮೇಲೆ ಯಾವ ಫೈಲಿನ ಎಷ್ಟನೇ ಸಾಲು, ಆ ಹೊತ್ತಿಗೆ ಯಾವ ಮಾಹಿತಿ ಕೈಯಲ್ಲಿತ್ತು ಎಂದು ಸವಿವರವಾಗಿ ಬರುತ್ತದೆ. ಕಟ್ಟುವವನಿಗೆ ಅದು ಬೇಕು. ಬೇರೆಯವರ ಕಣ್ಣಿಗೆ ಬಿದ್ದರೆ ನಕ್ಷೆ ಸಮೇತ ಮನೆ ತೋರಿಸಿದಂತೆ. ಜ್ಯಾಂಗೊ ಮಾಡಿದವರೇ ಅಭ್ಯಾಸದ ಸರ್ವರನ್ನು ಸಾರ್ವಜನಿಕ ಬಳಕೆಗೆ ಇಡಬೇಡಿ ಎಂದು ಬರೆದಿದ್ದಾರೆ. ಹೊರಗಿನ ಲಿಂಕಿನಿಂದ ಬಂದರೆ "ಈ ಹೆಸರಿನ ವಿಳಾಸ ನನಗೆ ಗೊತ್ತಿಲ್ಲ" ಎಂದು ಅದು ಬಾಗಿಲು ಹಾಕುತ್ತದೆ ಕೂಡ. ಆಗ ಬಹಳ ಜನ ಮಾಡುವುದೇನೆಂದರೆ, ಸೆಟ್ಟಿಂಗ್ ಫೈಲಿನಲ್ಲಿ ಒಂದು ನಕ್ಷತ್ರ ಚಿಹ್ನೆ ಇಟ್ಟು, ಯಾವ ಹೆಸರಾದರೂ ಬರಲಿ ಅಂದುಬಿಡುವುದು.

ಹೀಗೆ ಮಾಡಿದರೆ ಏನಾಗುತ್ತದೆ ಎಂಬುದಕ್ಕೆ ದೊಡ್ಡವರ ಕಥೆಯೇ ಇದೆ. ಪೇಟ್ರಿಯಾನ್ ಎಂಬುದು ಬರಹಗಾರರಿಗೆ, ಕಲಾವಿದರಿಗೆ ಅಭಿಮಾನಿಗಳು ತಿಂಗಳಾ ತಿಂಗಳಾ ಹಣ ಕೊಡುವ ಅಮೆರಿಕದ ತಾಣ. 2015ರ ಸೆಪ್ಟೆಂಬರ್ ಕೊನೆಯಲ್ಲಿ ಅದಕ್ಕೆ ಕನ್ನ ಬಿತ್ತು. ಒಳಗೆ ಬರಲು ದಾರಿಯಾದದ್ದು ಸಾರ್ವಜನಿಕರಿಗೆ ಕಾಣುವಂತೆ ಉಳಿದಿದ್ದ ತಾಣದ ಡಿಬಗ್ ರೂಪ ಎಂದು ಕಂಪನಿಯೇ ಹೇಳಿತು. 20 ಲಕ್ಷಕ್ಕೂ ಹೆಚ್ಚು ಇಮೇಲ್ ವಿಳಾಸಗಳು ಬಯಲಿಗೆ ಬಂದವು. ಸಂಬಳದ ಇಂಜಿನಿಯರುಗಳಿರುವ ಕಡೆ ಇದು ನಡೆದದ್ದು. ಯೂಟ್ಯೂಬಿನಲ್ಲಿ ಕಲಿತ ನಮ್ಮ ಗೆಳೆಯ ಈ ಕಥೆಯನ್ನು ತಾನೇ ಓದಿ ಹೇಳಿದ, ಆಮೇಲೆ ಲಿಂಕಿನ ಮಾತು ನಿಂತಿತು.

ನಾವು ಹಿಡಿದದ್ದು ಎಸ್‌ಎಸ್‌ಎಚ್ ದಾರಿ. ಇದು ಹೊಸದಲ್ಲ. 1995ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿ ತಾಂತ್ರಿಕ ವಿಶ್ವವಿದ್ಯಾಲಯದ ಜಾಲದಲ್ಲಿ ಯಾರೋ ನಡುವೆ ಕೂತು ಪಾಸ್‌ವರ್ಡುಗಳನ್ನು ಕದ್ದು ಕೇಳಿಸಿಕೊಂಡಿದ್ದರು. ಆಗಿನ ಟೆಲ್ನೆಟ್‌ನಲ್ಲಿ ಪಾಸ್‌ವರ್ಡು ಪೋಸ್ಟ್ ಕಾರ್ಡಿನ ಮೇಲೆ ಬರೆದಂತೆ ಹೋಗುತ್ತಿತ್ತು. ಅಲ್ಲಿದ್ದ ತಾತು ಯಲೋನೆನ್ ಎಂಬಾತ ಅದಕ್ಕೆ ಮದ್ದು ಮಾಡಲು ಕೂತು ಎಸ್‌ಎಸ್‌ಎಚ್ ಬರೆದ. ಟೆಲ್ನೆಟ್‌ನ ಪೋರ್ಟು 23, ಎಫ್‌ಟಿಪಿಯದು 21. ನಡುವೆ 22 ಖಾಲಿ ಇತ್ತು, ಕೇಳಿದ, ಕೊಟ್ಟರು. ಇವತ್ತಿಗೂ ಅದೇ ನಂಬರು. ನಮಗೆ ಈ ಕಥೆ ಇಷ್ಟ. ಯಾರೋ ಕದ್ದು ಕೇಳಿದ್ದರಿಂದ ಹುಟ್ಟಿದ ಸಾಧನ ಇದು, ಕದ್ದು ಕೇಳುವವರ ಭಯದಲ್ಲೇ ಇರುವ ನಮ್ಮ ಹೆಂಗಸರಿಗೆ ತಕ್ಕುದು.

ತಿಂಗಳ ಬಾಡಿಗೆಗೆ ಒಂದು ಸಣ್ಣ ಸರ್ವರ್ ತೆಗೆದುಕೊಂಡೆವು. ನಾಲ್ವರಿಗೆ ಹಂಚಿದರೆ ತಲೆಗೆ ಒಂದು ಸಲದ ಹೋಳಿಗೆ ಊಟದ ದುಡ್ಡು. ಅದಕ್ಕೆ ಜಗತ್ತಿಗೆಲ್ಲ ಗೊತ್ತಿರುವ ಒಂದು ವಿಳಾಸ ಇದೆ, ನಮಗೆ ಬೇಕಾದದ್ದು ಅಷ್ಟೇ. ಪಟ್ಟಿ ಅಲ್ಲಿ ಕೂರುವುದಿಲ್ಲ, ನಡುಮನೆಯ ಲ್ಯಾಪ್‌ಟಾಪ್ ಬಿಟ್ಟು ಕದಲುವುದಿಲ್ಲ.

ಮೊದಲು ಯೋಚಿಸಿದ ವ್ಯವಸ್ಥೆ ಹೀಗಿತ್ತು. ಲ್ಯಾಪ್‌ಟಾಪ್ ಬಾಡಿಗೆ ಸರ್ವರಿಗೆ ಹಿಮ್ಮುಖ ಸುರಂಗ ಹಾಕುತ್ತದೆ. ಆದೇಶದಲ್ಲಿ ದೊಡ್ಡಕ್ಷರದ ಆರ್ ಬರುತ್ತದೆ, ತನ್ನ 8000ನೇ ಪೋರ್ಟನ್ನು ಅಲ್ಲಿಯ 8000ಕ್ಕೆ ತಗುಲಿಸುತ್ತದೆ. ಉಳಿದ ಮೂವರು ತಮ್ಮ ಕಡೆಯಿಂದ ದೊಡ್ಡಕ್ಷರದ ಎಲ್ ಹಾಕಿ ಮುಮ್ಮುಖ ಸುರಂಗ ಕೊರೆದು ಅದಕ್ಕೆ ಸೇರುತ್ತೇವೆ. ಸರ್ವರಿನ ಸೆಟ್ಟಿಂಗ್ ಮುಟ್ಟದೆ ಬಿಟ್ಟರೆ, ಹಿಮ್ಮುಖ ಸುರಂಗದ ಬಾಯಿ ಆ ಸರ್ವರಿನ ಒಳಗಡೆಗೆ ಮಾತ್ರ ತೆರೆಯುತ್ತದೆ, ಬೀದಿಗೆ ತೆರೆಯುವುದಿಲ್ಲ. ಗೇಟ್‌ವೇಪೋರ್ಟ್ಸ್ ಎಂಬ ಸಾಲಿಗೆ "ಯೆಸ್" ಎಂದು ಬರೆದರೆ ಬೀದಿಗೆ ತೆರೆದುಕೊಳ್ಳುತ್ತದೆ. ಅಂತರ್ಜಾಲದಲ್ಲಿ ಸಿಗುವ ಎಷ್ಟೋ ಪಾಠಗಳು ಮೊದಲ ಹೆಜ್ಜೆಯಾಗಿಯೇ ಅದನ್ನು ಬರೆಯಿರಿ ಅನ್ನುತ್ತವೆ. ನಿಮಗೆ ಬೇಕಾದದ್ದು ನಮ್ಮಂಥ ಕೆಲಸವಾದರೆ ಅದನ್ನು ಮುಟ್ಟಬೇಡಿ.

ನಮ್ಮಲ್ಲಿ ಹಿರಿಯಳು, ನಾವೆಲ್ಲ ಅಕ್ಕ ಅನ್ನುತ್ತೇವೆ, ಕಂಪ್ಯೂಟರ್ ಬಗ್ಗೆ ಏನೂ ತಿಳಿಯದು ಎಂದು ತಾನೇ ಹೇಳಿಕೊಳ್ಳುವವಳು. ಇಷ್ಟನ್ನೂ ಕಾಗದದ ಮೇಲೆ ಗೀಚಿ ತೋರಿಸಿದಾಗ ನಡುವಿನ ಚೌಕದ ಮೇಲೆ ಬೆರಳಿಟ್ಟು ಕೇಳಿದಳು: "ಎರಡೂ ಪೈಪು ಇಲ್ಲಿ ಕೂಡತಾವಲ್ಲ, ಇಲ್ಲಿ ನೀರು ಕಾಣತದೋ ಇಲ್ಲೋ?" ಕಾಣುತ್ತದೆ. ಒಂದು ಸುರಂಗ ಮುಗಿದು ಇನ್ನೊಂದು ಶುರುವಾಗುವ ಆ ಜಾಗದಲ್ಲಿ, ಬಾಡಿಗೆ ಸರ್ವರಿನ ಹೊಟ್ಟೆಯೊಳಗೆ, ಗುಟ್ಟಿನ ಲಿಪಿ ಬಿಚ್ಚಿಕೊಂಡು ಮಾತು ಬರಿಮೈಯಲ್ಲಿ ಹಾದುಹೋಗುತ್ತದೆ. ಆ ಸರ್ವರಿನ ಒಡೆಯ ಮನಸ್ಸು ಮಾಡಿದರೆ ನೋಡಬಹುದು. ಮಾಡುತ್ತಾನೆಂದಲ್ಲ. ಆದರೆ ಆತನ ಹೆಸರು ಹೇಳಿ ನಾವು ಯಾರಿಂದಲೂ ಒಪ್ಪಿಗೆ ಪಡೆದಿರಲಿಲ್ಲವಲ್ಲ.

ಹಾಗಾಗಿ ಒಂದು ಬದಲಾವಣೆ. ಲ್ಯಾಪ್‌ಟಾಪ್ ಈಗ ಸರ್ವರಿಗೆ ಕೊಡುವುದು ತಾಣದ ಪೋರ್ಟನ್ನಲ್ಲ, ತನ್ನ ಎಸ್‌ಎಸ್‌ಎಚ್ ಬಾಗಿಲನ್ನು, ಅಂದರೆ ಅದೇ 22 ಅನ್ನು. ನಾವು ಬಾಡಿಗೆ ಸರ್ವರನ್ನು ಬರೀ ಮೆಟ್ಟುಗಲ್ಲಾಗಿ ತುಳಿದು ದಾಟಿ, ಆಚೆಯ ಲ್ಯಾಪ್‌ಟಾಪಿನ ಜೊತೆಗೇ ನೇರ ಗುಟ್ಟಿನ ಮಾತು ಶುರು ಮಾಡುತ್ತೇವೆ. ಆದೇಶದಲ್ಲಿ ದೊಡ್ಡಕ್ಷರದ ಜೆ ಸೇರುತ್ತದೆ. ಈಗ ನಡುವಿನ ಚೌಕಕ್ಕೆ ಕಾಣುವುದು ಅರ್ಥವಾಗದ ಅಕ್ಷರಗಳ ಹರಿವು ಮಾತ್ರ. ಅಕ್ಕನಿಗೆ ಇದನ್ನು ಹೇಳಿದಾಗ "ಹಾಂ, ಹಿಂಗ ಇರ್ಲಿ" ಅಂದಳು.

ಪಾಸ್‌ವರ್ಡ್ ಯಾರಿಗೂ ಇಲ್ಲ. ಒಬ್ಬೊಬ್ಬರಿಗೂ ಜೋಡಿ ಕೀಲಿಕೈ. ಗುಟ್ಟಿನದು ಅವರವರ ಫೋನಿನಲ್ಲೋ ಕಂಪ್ಯೂಟರಿನಲ್ಲೋ ಇರುತ್ತದೆ, ಅದಕ್ಕೂ ಒಂದು ಗುಪ್ತಪದದ ಮುಚ್ಚಳ. ಬಯಲಿನದನ್ನು ಲ್ಯಾಪ್‌ಟಾಪಿನ ಒಂದು ಫೈಲಿನಲ್ಲಿ ಸಾಲಾಗಿ ಬರೆದಿಟ್ಟಿದೆ. ಆ ಸಾಲಿನ ಮುಂದೆ ಕಟ್ಟುಪಾಡನ್ನೂ ಬರೆಯಬಹುದು: ಈ ಕೀಲಿಕೈ 8000ನೇ ಬಾಗಿಲು ಬಿಟ್ಟು ಬೇರೆ ಬಾಗಿಲು ತೆರೆಯುವಂತಿಲ್ಲ, ಯಾವ ಆದೇಶವನ್ನೂ ನಡೆಸುವಂತಿಲ್ಲ. ಗೆಳೆಯನ ಲ್ಯಾಪ್‌ಟಾಪಿನಲ್ಲಿ ಅವನ ತಂಗಿಯ ಮದುವೆ ಫೋಟೊಗಳಿವೆ, ಅಪ್ಪನ ಪಹಣಿಗಳಿವೆ. ಅವು ನಮಗೆ ಯಾಕೆ?

ಮೊದಲ ಸಲ ಸೇರುವಾಗ ಎಸ್‌ಎಸ್‌ಎಚ್ ಒಂದು ಪ್ರಶ್ನೆ ಕೇಳುತ್ತದೆ. ಆಚೆಯ ಯಂತ್ರದ ಬೆರಳಚ್ಚು ಹೀಗಿದೆ, ನಂಬುತ್ತೀರಾ ಎಂದು. ಜಗತ್ತೇ "ಯೆಸ್" ಹೊಡೆದು ಮುಂದೆ ಹೋಗುತ್ತದೆ. ನಾವು ಫೋನ್ ಮಾಡಿ ಅಕ್ಷರ ಅಕ್ಷರ ಓದಿಕೊಂಡೆವು. ಎ ಅಂದರೆ ಆ್ಯಪಲ್‌ದು, ದೊಡ್ಡದು. ಬಿ ಅಂದರೆ ಬಾಲ್‌ದು, ಸಣ್ಣದು. 43 ಅಕ್ಷರ. ಪಕ್ಕದಲ್ಲಿ ಕೂತಿದ್ದ ಗೆಳೆಯನ ತಾಯಿ "ಲಾಟರಿ ಹತ್ತ್ಯಾದೇನೋ?" ಎಂದು ಕೇಳಿದರಂತೆ.

ಮೂವರಲ್ಲಿ ಇಬ್ಬರಿಗೆ ಕಂಪ್ಯೂಟರ್ ಇಲ್ಲ. ಆ್ಯಂಡ್ರಾಯ್ಡ್ ಫೋನಿನಲ್ಲಿ ಟರ್ಮಕ್ಸ್ ಎಂಬ ಉಚಿತ ಆ್ಯಪ್ ಹಾಕಿ, ಅದರೊಳಗೆ ಓಪನ್‌ಎಸ್‌ಎಸ್‌ಎಚ್ ಇಳಿಸಿಕೊಂಡರೆ ಸಾಕು. ಸುರಂಗ ಹಾಕಿ ಅದೇ ಫೋನಿನ ಬ್ರೌಸರಿನಲ್ಲಿ ಲೋಕಲ್‌ಹೋಸ್ಟ್ 8000 ಎಂದು ಹೊಡೆದರೆ 60 ಕಿಲೋಮೀಟರ್ ಆಚೆಯ ನಡುಮನೆ ತೆರೆಯುತ್ತದೆ. ಅಕ್ಷರವಷ್ಟೇ ಹೋಗಿ ಬರುವುದರಿಂದ ಡೇಟಾ ಖರ್ಚು ಏನೂ ಇಲ್ಲ ಅನ್ನಬಹುದು. ಕರೆಂಟಿನ ಕಾಟ ಮಾತ್ರ ಉಂಟು. ಮನೆಯಲ್ಲಿ ಕರೆಂಟ್ ಹೋಗಿ ವೈಫೈ ಡಬ್ಬಿ ಆರಿದರೆ ಸುರಂಗ ಕುಸಿಯುತ್ತದೆ, ಕುಸಿದದ್ದು ಕೆಲವು ಸಲ ಎರಡೂ ಕಡೆಗೆ ತಿಳಿಯುವುದೂ ಇಲ್ಲ. 30 ಸೆಕೆಂಡಿಗೊಮ್ಮೆ "ಇದ್ದೀಯಾ?" ಎಂದು ಕೇಳುವ ಸಾಲನ್ನು ಸೆಟ್ಟಿಂಗಿನಲ್ಲಿ ಸೇರಿಸಿ, ಬಿದ್ದರೆ ತಾನೇ ಎದ್ದು ಕರೆ ಮಾಡುವ ಆಟೋಎಸ್‌ಎಸ್‌ಎಚ್ ಹಾಕಿದ ಮೇಲೆ ಆ ಕಾಟ ಕಡಿಮೆಯಾಯಿತು. ರಾತ್ರಿ ಹತ್ತಕ್ಕೆ ಗೆಳೆಯ ಎಲ್ಲವನ್ನೂ ನಿಲ್ಲಿಸಿ ಮಲಗುತ್ತಾನೆ. ಇದು ನಮಗೆ ಬಹಳ ಹಿಡಿಸಿದ ಭದ್ರತೆ. ಮುಚ್ಚಿದ ಲ್ಯಾಪ್‌ಟಾಪಿಗೆ ಕನ್ನ ಹಾಕುವವರಿಲ್ಲ.

ಇಷ್ಟೆಲ್ಲ ಬೇಕಿತ್ತೇ ಎಂದು ನಮ್ಮೊಳಗೇ ಒಬ್ಬನಿಗೆ ಅನುಮಾನವಿತ್ತು. ಜಾತ್ರೆಯಲ್ಲಿ ಅವನ ಫೋನೇ ಕಳುವಾಯಿತು. ತೇರಿನ ಗದ್ದಲ, ಜೇಬು ಖಾಲಿ. ಇನ್ನೊಬ್ಬರ ಫೋನಿನಿಂದ ಕರೆ ಮಾಡಿ ಹೇಳಿದ. ಲ್ಯಾಪ್‌ಟಾಪಿನ ಆ ಫೈಲು ತೆರೆದು ಅವನ ಹೆಸರಿನ ಒಂದು ಸಾಲು ಅಳಿಸಿದರು, ಬಾಡಿಗೆ ಸರ್ವರಿನಲ್ಲೂ ಒಂದು ಸಾಲು. ಎರಡು ನಿಮಿಷದ ಕೆಲಸ, ಉಳಿದವರ ಕೀಲಿಕೈಗೆ ಏನೂ ಆಗಲಿಲ್ಲ. ಎಲ್ಲರಿಗೂ ಒಂದೇ ಲಿಂಕ್, ಒಂದೇ ಪಾಸ್‌ವರ್ಡ್ ಇದ್ದಿದ್ದರೆ ಆ ರಾತ್ರಿ ಹೇಗಿರುತ್ತಿತ್ತು ಎಂದು ಅವನೇ ಹೇಳಿದ, ನಾವು ಕೇಳಲಿಲ್ಲ.

ಯಂತ್ರದ ಕಷ್ಟ ಹೀಗೆ ಮುಗಿಯಿತು. ಮನುಷ್ಯರದ್ದು ಸುಲಭವಲ್ಲ. ನಮ್ಮ ಕೆಲಸದ ಸುಳಿವು ಹತ್ತಿ, ಜಿಲ್ಲೆಯ ಹಿರಿಯ ಪತ್ರಕರ್ತರೊಬ್ಬರು "ಲಿಂಕ್ ಕಳಿಸ್ರೋ, ನೋಡ್ತೀನಿ" ಅಂದರು. ಒಳ್ಳೆಯವರು. ನಮ್ಮ ಮೊದಲ ಸುದ್ದಿಗಳನ್ನು ತಿದ್ದಿಕೊಟ್ಟವರು. ಅವರಿಗೆ ಇಲ್ಲ ಅನ್ನುವುದು ಸ್ಟ್ರಿಂಗರ್‌ಗಳಿಗೆ ಎಷ್ಟು ಕಷ್ಟ ಎಂದು ಈ ಬ್ಲಾಗಿನ ಓದುಗರಿಗೆ ವಿವರಿಸಬೇಕಿಲ್ಲ. "ಲಿಂಕ್ ಅಂತ ಇಲ್ಲ ಸರ್, ಮನೆಗೇ ಬರ್ರಿ" ಅಂದೆವು. ಮುಖ ಸಣ್ಣದಾಯಿತು. ನಾಲ್ಕು ದಿನ ಬಿಟ್ಟು ಬಂದರು. ಚಹಾ ಕುಡಿಯುತ್ತಾ, ಹೆಸರು ಮುಚ್ಚಿದ ಪುಟವನ್ನು ನೋಡಿದರು: ಯಾವ ಊರಲ್ಲಿ ಎಷ್ಟು ಮನೆ, ಒಬ್ಬರಿಗೆ ಎಷ್ಟು ಸಾಲ. ಹೆಸರಿನ ಪುಟ ತೆರೆಯಿರಿ ಎಂದು ಅವರು ಕೇಳಲಿಲ್ಲ, ನಾವೂ ತೆರೆಯಲಿಲ್ಲ. ಹೋಗುವಾಗ ಮೂರು ಪ್ರಶ್ನೆ ಬರೆದುಕೊಟ್ಟು ಹೋದರು, ಮೂರೂ ನಮಗೆ ಹೊಳೆಯದೆ ಇದ್ದವು.

ಕಾನೂನಿನ ಮಾತೂ ಒಂದಿದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಹಳೆಯ ಕರಡುಗಳಲ್ಲಿ, 2018 ಮತ್ತು 2019ರವುಗಳಲ್ಲಿ, ಪತ್ರಿಕಾ ಕೆಲಸಕ್ಕೆ ವಿನಾಯಿತಿ ಇತ್ತು. ಕಾಯ್ದೆಯಾಗಿ ಬಂದಾಗ ಅದು ಇರಲಿಲ್ಲ. ಇದು ನಮಗೆ ಸರಿ ಕಂಡಿಲ್ಲ. ಹಾಗೆಂದು ಕಾಯ್ದೆಯ ಭಯಕ್ಕೆ ನಾವು ಈ ಸುರಂಗ ಹಾಕಿದ್ದಲ್ಲ, ಕಾಯ್ದೆ ಇಲ್ಲದಿದ್ದರೂ ಹಾಕುತ್ತಿದ್ದೆವು.

ಈಗ ನಾಲ್ಕೂ ನೋಟ್‌ಬುಕ್ಕುಗಳು ಹತ್ತಿರ ಹತ್ತಿರ ಮುಗಿಯುತ್ತಾ ಬಂದಿವೆ. ಇಬ್ಬರು ಹೆಂಗಸರು ಫೋನ್ ಮಾಡಿ ನಮ್ಮದು ತೆಗೆದುಬಿಡಿ ಅಂದರು, ತೆಗೆದೆವು. ವರದಿ ಅಚ್ಚಾದ ಮೇಲೆ ಬಾಡಿಗೆ ಸರ್ವರ್ ಬಿಟ್ಟುಬಿಡುವುದು ಎಂದಾಗಿದೆ, ಅದರಲ್ಲಿ ಜಗಳವಿಲ್ಲ. ಜಗಳ ಇರುವುದು ಪಟ್ಟಿಯ ಬಗ್ಗೆ. ಯಾರಾದರೂ ಕೇಸು ಹಾಕಿದರೆ ಆಧಾರ ಬೇಕು, ವರ್ಷ ಬಿಟ್ಟು ಅದೇ ಮನೆಗಳಿಗೆ ಮತ್ತೆ ಹೋಗಿ ನೋಡಬೇಕು, ಇಟ್ಟುಕೊಳ್ಳೋಣ ಎಂದು ಇಬ್ಬರು. ಹೆಸರು, ನಂಬರು ಅಳಿಸಿ ಅಂಕಿ ಮಾತ್ರ ಉಳಿಸಿಕೊಳ್ಳೋಣ ಎಂದು ಒಬ್ಬ. ಅಕ್ಕ ಇನ್ನೂ ಏನೂ ಹೇಳಿಲ್ಲ. ಬರುವ ಭಾನುವಾರ ನಾಲ್ವರೂ ಅದೇ ನಡುಮನೆಯಲ್ಲಿ ಕೂರುವುದಿದೆ.